ಉಗುರ ಸಂದಿಯ ಕೆಂಪು

ಬೊಳ್ಳಮ್ಮನ ಹೆಸರು ದಮಯಂತಿಯ ಕಿವಿಗೆ ಮೊದಲು ಬಿದ್ದದ್ದು ಸಂಪಾಜೆಯ ಹೊಳೆಬದಿಯಲ್ಲಿ, ಗಂಡನ ಅಂಗಿಗೆ ಸೋಪು ಹಚ್ಚಿ ಕಲ್ಲಿಗೆ ಉಜ್ಜುತ್ತಿದ್ದಾಗ. ಅಂಗಿಯ ಕೆಳಗಿನ ಅಂಚಿನಲ್ಲಿ ಒಂದು ಕೆಂಪು ಕಲೆ ಇತ್ತು. ಎಲೆಯಡಿಕೆಯ ಉಗುಳು ಬಿದ್ದದ್ದಿರಬೇಕು ಎಂದು ಬಡಿದಳು, ಹೋಗಲಿಲ್ಲ. ಮತ್ತೆ ಬಡಿದಳು, ಆಗಲೂ ಹೋಗಲಿಲ್ಲ. ಮೂಗಿಗೆ ಹಿಡಿದು ನೋಡಿದರೆ ಎಲೆಯಡಿಕೆಯ ವಾಸನೆಯೇ ಅಲ್ಲ. ತೆಂಗಿನೆಣ್ಣೆ, ಅದರ ಜೊತೆಗೆ ಜೇನುಮೇಣದಂಥ ಒಂದು ಘಮ. ಹೆಂಗಸಿನ ತಲೆಗೂದಲ ಹತ್ತಿರ ಬರುವಂಥದ್ದು.

ಪಕ್ಕದ ಕಲ್ಲಿನಲ್ಲಿ ಲಿಂಗಿ ಗೋಣಿಚೀಲ ತೊಳೆಯುತ್ತಿದ್ದಳು. ಊರಿನ ಹಲವು ಮನೆಗಳ ಹೊರಗೆಲಸ ಅವಳದ್ದು, ಹಾಗಾಗಿ ಹಲವು ಮನೆಗಳ ಮಾತೂ ಅವಳದ್ದೇ.

"ಎಂತಕ್ಕ, ಅಂಗಿಯ ಮೂಸಿ ನೋಡ್ತಾ ಇದ್ದೀರಿ?"

"ಕಲೆ ಹೋಗ್ತಾ ಇಲ್ಲೆ ಲಿಂಗಿ."

ಲಿಂಗಿ ಬಗ್ಗಿ ನೋಡಿದಳು. ನೋಡಿ ತುಟಿಯನ್ನು ಒಳಗೆ ಎಳೆದುಕೊಂಡಳು. "ಅದು ಹೋಗೂದಿಲ್ಲ ಬಿಡಿ. ಬೊಳ್ಳಮ್ಮನ ಹಿತ್ತಿಲಿಂದ ಬಂದದ್ದು."

"ಯಾವ ಬೊಳ್ಳಮ್ಮ?"

"ಅಯ್ಯೋ, ಗೊತ್ತಿಲ್ವಾ ನಿಮ್ಗೆ? ನಾ ಎಂತದೂ ಹೇಳ್ಲಿಲ್ಲ ಆಯ್ತಾ. ಸಾರಾಯಿ ಅಂಗಡಿ ದಾಟಿದ್ರೆ ಬಿದಿರು ಮೆಳೆ ಉಟ್ಟಲ್ಲ, ಅದರ ಹಿಂದೆ ಮನೆ. ಗಂಡ ಸತ್ತು ವರ್ಷ ಎಷ್ಟೋ ಆಯ್ತು. ಹಿತ್ತಿಲಲ್ಲಿ ಮಾತ್ರ ಇವತ್ತು ಕಪ್ಪು ಕಾರು, ನಾಳೆ ಹಸಿರು ಕಾರು. ಡ್ರೈವರುಗಳು ಹೋಗೂದು ತಲೆ ತಗ್ಗಿಸಿ, ಬರೂದು ತಲೆ ಎತ್ತಿ. ನಾ ಕಂಡದ್ದು ಅಷ್ಟೇ. ಒಳಗಿಂದು ದೇವರಿಗೇ ಗೊತ್ತು."

"ನಮ್ಮವರ ಕಾರೂ ನಿಲ್ತದಾ?"

ಲಿಂಗಿ ಗೋಣಿಯನ್ನು ಎತ್ತಿ ಕಲ್ಲಿಗೆ ಬಡಿದಳು, ನೀರು ದಮಯಂತಿಯ ಮುಖದವರೆಗೆ ಸಿಡಿಯಿತು.

ದಮಯಂತಿ ಮದುವೆಯಾಗಿ ಆ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡ ಸೋಮಯ್ಯ ಮಡಿಕೇರಿಯ ಕಾಫಿ ತೋಟದ ಸಾಹುಕಾರ ಸಾಂತಪ್ಪನವರ ಕಾರು ಬಿಡುತ್ತಿದ್ದ. ಕಪ್ಪು ಆಸ್ಟಿನ್ ಕಾರು. ಅದರ ಬಾಗಿಲಲ್ಲಿ ನೋಡಿಕೊಂಡು ತಲೆ ಬಾಚಬಹುದಿತ್ತು. ಖಾಕಿ ಅಂಗಿ ತೊಟ್ಟು, ಬಾಯಲ್ಲಿ ಯಾವಾಗಲೂ ಒಂದು ಏಲಕ್ಕಿ ಹಾಕಿಕೊಂಡು ಅವನು ಕಾರಿನಿಂದ ಇಳಿದರೆ ಸೋದರಮಾವನ ಮನೆಯ ಹುಡುಗಿಯರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. "ನಮ್ಮವರ ಬಾಯಿ ಯಾವತ್ತೂ ಪಾಯಸದ ಹಾಗೆ" ಎಂದು ದಮಯಂತಿ ತವರಿನಲ್ಲಿ ಜಂಬದಿಂದ ಹೇಳಿಕೊಂಡಿದ್ದಳು. ಆ ಮಾತು ಮುಂದೆ ನೆನಪಾದಾಗಲೆಲ್ಲ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು.

ಆಗ ಕೊಡಗು ತನ್ನದೇ ಒಂದು ರಾಜ್ಯ. ಸಂಪಾಜೆ ದಾಟಿದರೆ ಮದ್ರಾಸು ಸರಕಾರದ ಸೀಮೆ. ಅಲ್ಲಿ ಸಾರಾಯಿ ಬಂದ್, ಇಲ್ಲಿ ಧಾರಾಳ. ನಡುವೆ ರಸ್ತೆಗೆ ಅಡ್ಡವಾಗಿ ಒಂದು ಗೇಟು, ಎರಡು ಬದಿಗೆ ಕೆಂಪು ಬಣ್ಣ ಬಳಿದ ದಪ್ಪ ಮರದ ಕಂಬಗಳು. ಕಾರೊಂದು ಮೈ ಕುಗ್ಗಿಸಿಕೊಂಡು ಹೋಗಬೇಕಾದಷ್ಟೇ ಜಾಗ. ಗೇಟಿನ ಈಚೆಗೇ ಸಾರಾಯಿ ಅಂಗಡಿ. ಘಾಟಿ ಇಳಿದು ಮಂಗಳೂರಿಗೆ ಹೋಗುವ ಡ್ರೈವರುಗಳಿಗೆ ಅದು ಕೊನೆಯದು. ಒಣ ಸೀಮೆಗೆ ಇಳಿಯುವ ಮೊದಲು ಅಲ್ಲಿ ಗಂಟಲು ಒದ್ದೆ ಮಾಡಿಕೊಂಡು ಹೋಗುವವರು ಬಹಳ ಮಂದಿ ಎಂಬುದು ಊರಿಗೇ ಗೊತ್ತಿತ್ತು. ಸೋಮಯ್ಯ ಆ ಮಂದಿಯಲ್ಲಿ ಒಬ್ಬ ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತಿರಲಿಲ್ಲ.

"ಅಂಗಿಗೆ ಎಂತದು ತಾಗಿದ್ದು?" ಎಂದು ಆ ಸಂಜೆ ಅವಳು ಕೇಳಿದಳು.

"ದಾರೀಲಿ ಎಲ್ಲೋ."

"ದಾರೀಲಿ ಎಲ್ಲಿ?"

"ದಾರಿ ಅಂದ್ರೆ ದಾರಿ. ನಿಂಗೆ ಲೆಕ್ಕ ಒಪ್ಪಿಸ್ಲಾ?" ಎಂದು ಸೋಮಯ್ಯ ಬಚ್ಚಲಿಗೆ ಎದ್ದುಹೋದ. ಕೆಂಪು ಕಲೆ, ಎಣ್ಣೆಯ ಘಮ, ಗಂಡನ ಸಿಡುಕು, ಲಿಂಗಿಯ ಮಾತು. ದಮಯಂತಿ ಇವನ್ನೆಲ್ಲ ಒಂದಕ್ಕೊಂದು ಸೇರಿಸಿ ನೋಡಿದಳು. ಅದು ಕುಂಕುಮವಲ್ಲದೆ ಬೇರೇನಾದರೂ ಇರಬಹುದು ಎಂಬ ಯೋಚನೆಯೇ ಅವಳಿಗೆ ಹೊಳೆಯಲಿಲ್ಲ. ಅಲ್ಲಿನ ಯಾವ ಹೆಂಡತಿಗೂ ಹೊಳೆಯುತ್ತಿರಲಿಲ್ಲ.

ಊರಿನ ದೊಡ್ಡ ಮನೆ ನಾಣಯ್ಯನವರದ್ದು. ಅವರ ಹಿರಿಮಗಳ ಮದುವೆ ಗೊತ್ತಾಗಿ, ಅಕ್ಕಿ ಕೇರುವುದಕ್ಕೆ, ದೀಪ ಪಾತ್ರೆ ಬೆಳಗುವುದಕ್ಕೆ ಊರ ಹೆಂಗಸರೆಲ್ಲ ಒಂದು ದಿನ ಅಲ್ಲಿ ಸೇರಿದ್ದರು. ದಮಯಂತಿ ಅತ್ತೆಯ ಜೊತೆ ಹೋಗಿ ಮೊರ ಹಿಡಿದು ಕುಳಿತಳು. ಎದುರಿಗೆ ಹಿತ್ತಾಳೆ ದೀಪಗಳ ಸಾಲು. ಅದರ ಮುಂದೆ ಅವಳು ಅದುವರೆಗೆ ಕಾಣದ ಒಬ್ಬ ಹೆಂಗಸು. ಎತ್ತರದ ಆಳು, ಬರಿಯ ಹಣೆ, ಮೊಣಕೈವರೆಗೆ ಸೆರಗು ಸುತ್ತಿಕೊಂಡಿದ್ದಳು. ಉಳಿದವರು ಹುಣಸೆಹಣ್ಣು ಮೆತ್ತಿ ತೆಂಗಿನ ನಾರಿನಲ್ಲಿ ಗರಗರ ತಿಕ್ಕುತ್ತಿದ್ದರೆ ಅವಳು ಹಳೆಯ ಬಟ್ಟೆಯಲ್ಲಿ, ಕೂಸಿನ ಬೆನ್ನು ಒರೆಸುವ ಹಾಗೆ ಒರೆಸುತ್ತಿದ್ದಳು. ಅವಳ ಕೈ ದಾಟಿದ ದೀಪದಲ್ಲಿ ಮಾಡಿನ ಹಂಚು ಎಣಿಸುವ ಹಾಗೆ ಕಾಣುತ್ತಿತ್ತು.

"ಬೊಳ್ಳಕ್ಕನ ಕೈಗೆ ಕೊಟ್ರೆ ನನ್ನ ಅತ್ತೆಯ ಕಾಲದ ಮಸಿಯೂ ಹೋಗ್ತದೆ" ಎಂದರು ನಾಣಯ್ಯನ ಹೆಂಡತಿ ತಂಗಮ್ಮ.

ಹೆಸರು ಕೇಳಿದ್ದೇ ದಮಯಂತಿಯ ಮೊರ ನಿಂತಿತು. ಅವಳು ಬೊಳ್ಳಮ್ಮನ ಮುಖ ನೋಡಲಿಲ್ಲ, ಕೈ ನೋಡಿದಳು. ಉದ್ದನೆಯ ಬೆರಳುಗಳು. ಉಗುರ ಸಂದಿಯಲ್ಲಿ ಕೆಂಪು. ಒಂದೆರಡು ಉಗುರಲ್ಲಿ ಅಲ್ಲ, ಎಲ್ಲದರಲ್ಲೂ.

"ಹಣೆಗೆ ಇಡ್ಲಿಕ್ಕೆ ಇಲ್ಲದವರ ಉಗುರಲ್ಲಿ ಕುಂಕುಮ ಉಟ್ಟಲ್ಲ" ಎಂದಳು ದಮಯಂತಿ. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಯಾರಿಗೋಸ್ಕರ ಇಟ್ಟು ಯಾರ ಅಂಗಿಗೆ ಒರೆಸಿದ್ದು? ನನ್ನ ಗಂಡನ ಅಂಗಿಗೂ ಅದೇ ಕೆಂಪು."

ಅಂಗಳದ ಮೊರಗಳೆಲ್ಲ ಒಟ್ಟಿಗೆ ನಿಂತವು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಬೊಳ್ಳಮ್ಮ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು, ಬೇರೆ ಯಾರದ್ದೋ ಕೈ ನೋಡುವ ಹಾಗೆ.

"ನೀ ಸೋಮಯ್ಯನ ಹೆಂಡ್ತಿಯಾ?"

"ಹೌದು. ತಾಳಿ ಕಟ್ಟಿಸಿಕೊಂಡವಳು."

ಬೊಳ್ಳಮ್ಮನ ಬಾಯಿ ತೆರೆಯಿತು. ಏನೋ ಹೇಳುವುದಕ್ಕೆ ಉಸಿರು ಎಳೆದುಕೊಂಡದ್ದೂ ಕಾಣಿಸಿತು. ಆಮೇಲೆ ಬಾಯಿ ಮುಚ್ಚಿತು. ಅರ್ಧ ಬೆಳಗಿದ ದೀಪವನ್ನು ಉಳಿದವುಗಳ ಸಾಲಿಗೆ ಇಟ್ಟು ಎದ್ದಳು. "ಇದರ ಬುಡ ಬಾಕಿ ಉಟ್ಟು, ಯಾರಾದ್ರೂ ಒರೆಸಿ" ಎಂದು ತಂಗಮ್ಮನಿಗೆ ಹೇಳಿ, ಮೆಟ್ಟಿಲಿಳಿದು ಹೋದಳು. ತಂಗಮ್ಮ ಕರೆಯಲಿಲ್ಲ. ಆ ದೀಪದ ಬುಡವನ್ನು ಯಾರೂ ಮುಟ್ಟಲಿಲ್ಲ.

ಆ ದಿನ ಮನೆಗೆ ನಡೆಯುವಾಗ ದಮಯಂತಿಯ ಕಾಲು ನೆಲದ ಮೇಲೆ ಇರಲಿಲ್ಲ. ಅತ್ತೆ ಕೂಡ "ಬಾಯಿ ಇರುವ ಸೊಸೆ" ಎಂದು ಮೆಚ್ಚಿಕೊಂಡರು.

ಒಂದು ವಾರ ಕಳೆದು ನಾಣಯ್ಯನ ಮನೆಯ ಹೇಳಿಕೆ ಹೊರಟಿತು. ಹೇಳಿಕೆ ಎಂದರೆ ಮನೆಯವರೇ ಗಂಡ ಹೆಂಡತಿ ಜೊತೆಯಾಗಿ ಬಾಗಿಲಿಂದ ಬಾಗಿಲಿಗೆ ನಡೆದು, ಹೆಸರು ಹಿಡಿದು ಮದುವೆಗೆ ಕರೆಯುವುದು. ಅಲ್ಲಿ ಕಾಗದ ಕಳಿಸಿದರೆ ಲೆಕ್ಕಕ್ಕಿಲ್ಲ. ಕರೆದ ಮನೆಗೆ ಊರಿನಲ್ಲಿ ಬೆಂಕಿ ನೀರು ಉಂಟು, ಕರೆಯದೆ ದಾಟಿದ ಮನೆಗೆ ಇಲ್ಲ. ತಂಗಮ್ಮ, ನಾಣಯ್ಯ ಬಿದಿರು ಮೆಳೆಯವರೆಗೆ ಬಂದರು, ಬೊಳ್ಳಮ್ಮ ಅಂಗಳ ಗುಡಿಸಿ ಬಾಗಿಲಲ್ಲಿ ಚಾಪೆ ಹಾಸಿಟ್ಟಿದ್ದಳಂತೆ. ಅವರು ಆ ಕಡೆಗೆ ಮುಖವನ್ನೂ ಮಾಡದೆ ಮುಂದಿನ ಮನೆಗೆ ಹೋದರು. ಲಿಂಗಿ ಇದನ್ನು ಹೇಳುವಾಗ ನಗಲಿಲ್ಲ. "ಚಾಪೆ ಸಂಜೆವರೆಗೂ ಹಾಗೇ ಇತ್ತು ಅಕ್ಕ" ಎಂದಳು.

ಮದುವೆ ಕಳೆದ ಮೇಲೆ ಒಂದು ಮಧ್ಯಾಹ್ನ ದಮಯಂತಿ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಾಗ ರಸ್ತೆಯಲ್ಲಿ ಕಪ್ಪು ಆಸ್ಟಿನ್ ಬಂತು. ಬಂದದ್ದು ಗೇಟಿನ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಹಿಂದಕ್ಕೆ ಬಂದು ಮೆಳೆಯ ಹಿಂದೆ ತಿರುಗಿತು. ಅವಳು ಹುಲ್ಲಿನ ಹೊರೆಯನ್ನು ಬಿಟ್ಟು ಕತ್ತಿ ಹಿಡಿದುಕೊಂಡೇ ಓಡಿದಳು. ಇವತ್ತು ಇಬ್ಬರನ್ನೂ ಕೈಯಾರೆ ಹಿಡಿದೇ ಹಿಡಿಯುತ್ತೇನೆ ಎಂದು.

ಹಿತ್ತಿಲಿನ ಹಲಸಿನ ನೆರಳಲ್ಲಿ ಕಾರು ನಿಂತಿತ್ತು. ಎಡಗಡೆಯ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಒಂದು ಉದ್ದನೆಯ ಕೆಂಪು ಗೀರು, ಕಪ್ಪು ಎಮ್ಮೆಯ ಮೈಗೆ ಬರೆ ಎಳೆದ ಹಾಗೆ. ಸೋಮಯ್ಯ ಹಲಸಿನ ಬೇರಿನ ಮೇಲೆ ತಲೆಗೆ ಕೈಕೊಟ್ಟು ಕುಕ್ಕರಿಸಿದ್ದ. ಅವನ ಬಾಯಿಗೆ ಏಲಕ್ಕಿ ಇನ್ನೂ ಬಿದ್ದಿರಲಿಲ್ಲ, ಸಾರಾಯಿಯ ವಾಸನೆ ದಮಯಂತಿ ನಿಂತಲ್ಲಿಗೇ ಬಂತು. ಬೊಳ್ಳಮ್ಮ ಕಾರಿನ ಪಕ್ಕದಲ್ಲಿ ಮಂಡಿಯೂರಿ ಆ ಗೀರಿನ ಮೇಲೆ ಉಗುರು ಎಳೆಯುತ್ತಿದ್ದಳು. ತಲೆ ಎತ್ತಿ ಕತ್ತಿ ನೋಡಿದಳು.

"ಕತ್ತಿ ಆಚೆ ಇಡು ಗೂಡೆ. ಅದು ತಾಗಿದ್ರೆ ಆ ಗೀರು ನನ್ನಿಂದ ಹೋಗೂದಿಲ್ಲ."

ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ. ಮನೆಯ ಮಗಳನ್ನು ಕರೆಯುವ ಹಾಗೆ ಕರೆದಿದ್ದಳು. ದಮಯಂತಿಯ ಕೈಯಿಂದ ಕತ್ತಿ ತಾನಾಗಿ ಕೆಳಗಿಳಿಯಿತು.

"ಇದು ಎಂತದು?" ಎಂದಳು ಗಂಡನಿಗೆ.

ಸೋಮಯ್ಯ ನೆಲ ನೋಡಿದ. ಉತ್ತರ ಬೊಳ್ಳಮ್ಮನಿಂದ ಬಂತು. "ಗೇಟಿನ ಕಂಬದ ಬಣ್ಣ. ಕುಡಿದು ಬಿಟ್ರೆ ಕಾರಿಗೆ ಕಂಬ ಮುತ್ತು ಕೊಡ್ತದೆ. ಉಗುರಿಗೆ ಹಳ್ಳ ಸಿಕ್ಕಿದ್ರೆ ಕಾರಿನ ಚರ್ಮವೇ ಹೋದದ್ದು, ಅದಕ್ಕೆ ಮಂಗಳೂರಿನ ಪೈಂಟಿನವನೇ ಆಗ್ಬೇಕು. ಸಿಕ್ಕದಿದ್ರೆ ಮೇಲೆ ಬಂದು ಕೂತದ್ದು, ಒರೆಸಿದ್ರೆ ಹೋಗ್ತದೆ. ನಿನ್ನ ಗಂಡನ ಅದೃಷ್ಟ, ಯಾವಾಗಲೂ ಕೂತದ್ದೇ. ಆ ಸೀಮೆಎಣ್ಣೆಯ ಬಟ್ಟೆ ಈಚೆ ಕೊಡು."

ದಮಯಂತಿ ಕೊಟ್ಟಳು. ಕೊಟ್ಟವಳು ಅಲ್ಲೇ ನಿಂತು ನೋಡಿದಳು. ಬೊಳ್ಳಮ್ಮ ಮೊದಲು ಬಟ್ಟೆಯಲ್ಲಿ ಸೋಸಿದ ನೀರಿನಿಂದ ಧೂಳು ತೊಳೆದಳು, ಒಂದು ಮರಳಿನ ಕಾಳು ಉಳಿದರೂ ಅದೇ ಗೀರುತ್ತದೆ ಎಂದು. ಸೀಮೆಎಣ್ಣೆಯ ಬಟ್ಟೆಯನ್ನು ಗೀರಿನ ಮೇಲೆ ಒತ್ತಿ ಹಿಡಿದು, ತಿಕ್ಕದೆ, ಸುಮ್ಮನೆ ಕಾದಳು. ಎತ್ತಿದಾಗ ಬಟ್ಟೆಗೆ ಕೆಂಪು ಬಂದಿತ್ತು. ಹೊಸ ಮಗ್ಗುಲು ಮಡಚಿ ಮತ್ತೆ ಒತ್ತಿದಳು. ಹಟ ಹಿಡಿದು ಉಳಿದದ್ದಕ್ಕೆ ಬಿಳಿ ಹಲ್ಲುಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಬೆರಳ ತುದಿಯಲ್ಲಿ ಕಾರಿನ ಉದ್ದಕ್ಕೇ ನವಿರಾಗಿ ಎಳೆದಳು. ಕೊನೆಯಲ್ಲಿ ಜೇನುಮೇಣ ಕರಗಿಸಿ ಮಾಡಿದ ಮುಲಾಮು ಹಚ್ಚಿ, ಹತ್ತಿಯ ಹಳೆ ಸೀರೆಯ ತುಂಡಿನಲ್ಲಿ ಹೊಳಪು ತಂದು, ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟು ನೋಡಿದಳು. ಉಸಿರಿನ ಮಂಜಿನಲ್ಲಿ ಒಂದು ನೆರಳು ಉಳಿದಿತ್ತು. ಮತ್ತೆ ಒರೆಸಿದಳು.

ತೆಂಗಿನೆಣ್ಣೆ, ಜೇನುಮೇಣ. ಅಂಗಿಯ ಘಮ.

"ನಾಣಯ್ಯನ ಮನೇಲಿ ನಾ ಹೇಳಿದ್ದು ನಿಮ್ಗೆ ಗೊತ್ತಿತ್ತಾ?" ಎಂದು ದಮಯಂತಿ ಗಂಡನನ್ನು ಕೇಳಿದಳು.

ಸೋಮಯ್ಯ ಜೇಬಿನಲ್ಲಿ ಏಲಕ್ಕಿ ಹುಡುಕಿದ.

"ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು" ಎಂದ. "ಎಂತ ಮಾಡ್ಲಿ? ಕೆಂಪು ಗೀರು ಕಂಡ್ರೆ ಕೀಲಿ ಕೈ ಮೇಜಿನ ಮೇಲೆ ಇಟ್ಟು ಹೋಗು ಅಂತ ಸಾಹುಕಾರ್ರು ಮೊದಲ ದಿನವೇ ಹೇಳಿದ್ದಾರೆ. ನನ್ನಿಂದ ಮುಂಚೆ ಇದ್ದವ ಹಾಗೇ ಹೋದ್ದು. ನಾಣಯ್ಯ ಅವರಿಗೆ ನೆಂಟ. ಇಲ್ಲಿ ಬಾಯಿ ಬಿಟ್ರೆ ಸಂಜೆಗೆ ಮಡಿಕೇರಿಲಿ ಇರ್ತದೆ."

ಬೊಳ್ಳಮ್ಮ ಕಾರಿನಿಂದ ಮುಖ ತೆಗೆಯದೆ ಹೇಳಿದಳು, "ಜಗಳ ಮನೆಗೆ ಹೋಗಿ ಮಾಡಿ. ಇಲ್ಲಿ ಧೂಳು ಏಳ್ತದೆ."

ದಮಯಂತಿಗೆ ಆ ಹಿತ್ತಿಲಿನಿಂದ ಹೊರಗೆ ನಡೆದದ್ದು ನೆನಪಿಲ್ಲ. ಮೆಳೆಯ ಹತ್ತಿರ ಕೂತು ಅತ್ತದ್ದು ನೆನಪಿದೆ. ಗಂಡ ಬೇರೆ ಹೆಂಗಸಿನ ಹತ್ತಿರ ಹೋಗಿದ್ದರೆ ನಾಚಿಕೆ ಅವನದ್ದಾಗುತ್ತಿತ್ತು. ಈಗ ಅವನು ಕುಡುಕ, ತಾನು ಬಾಯಿಬಡುಕಿ, ಇಬ್ಬರ ಹೊಲಸನ್ನೂ ಮೈಮೇಲೆ ಹಾಕಿಕೊಂಡು ಇನ್ನೊಬ್ಬಳು ಊರ ಹೊರಗೆ ಕೂತಿದ್ದಾಳೆ. ಅದೂ ಇವತ್ತಿಗೂ ಇವರ ಕಾರನ್ನೇ ಒರೆಸುತ್ತ.

ಮರುದಿನ ಎದ್ದವಳೇ ತಂಗಮ್ಮನಲ್ಲಿಗೆ ಹೋದಳು. ಹೋಗುವಾಗ ಧೈರ್ಯ ಇತ್ತು.

"ಅತ್ತೆ, ಆ ದಿನ ನಾ ಹೇಳಿದ್ದು ತಪ್ಪು. ಬೊಳ್ಳಕ್ಕನ ಉಗುರಲ್ಲಿ ಇದ್ದದ್ದು ಕುಂಕುಮ ಅಲ್ಲ."

ಹಿರಿಯರೆಂದು ಅವಳು ಅತ್ತೆ ಎಂದೇ ಕರೆಯುತ್ತಿದ್ದ ತಂಗಮ್ಮ ಕಾಫಿ ಸೋಸುತ್ತಿದ್ದರು. "ಮತ್ತೆ ಎಂತ?"

"ಬೇರೆ."

"ಬೇರೆ ಅಂದ್ರೆ? ಕೆಂಪು ಅಂತೂ ಇತ್ತಲ್ಲ. ನಾವೆಲ್ಲ ಕಂಡಿದ್ದೇವೆ. ಡ್ರೈವರುಗಳು ಹೋಗೂದು ಉಟ್ಟಾ ಇಲ್ವಾ?"

"ಉಟ್ಟು."

"ಎಂತಕ್ಕೆ ಹೋಗೂದು?"

ದಮಯಂತಿ ಹಿಂದಿರುಗಿ ನೋಡಿದಳು. ಜಗಲಿಯಲ್ಲಿ ನಾಣಯ್ಯ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಅವರ ಕಿವಿ ಈ ಕಡೆಗೇ ಇತ್ತು. ಒಂದು ಮಾತು ಬಿದ್ದರೆ ಸಂಜೆಗೆ ಮಡಿಕೇರಿ. ನಾಳೆಯಿಂದ ಒಲೆಗೆ ಏನಿಡುವುದು?

"ಗೊತ್ತಿಲ್ಲೆ" ಎಂದಳು.

ತಂಗಮ್ಮ ಅವಳ ತಲೆ ಸವರಿದರು. "ಗಂಡ ಹೆದರಿಸಿ ಕಳಿಸಿದ್ನಾ? ಪಾಪದ ಗೂಡೆ. ನೀ ಹೇಳದಿದ್ರೂ ನಮ್ಗೆ ಅರ್ಥ ಆಗ್ತದೆ."

ತೊಳೆಯುವುದಕ್ಕೆ ಹೋದವಳು ಕಲೆಯನ್ನು ಇನ್ನಷ್ಟು ಹರಡಿ ಬಂದಿದ್ದಳು. ಅಂದಿನಿಂದ ಬೊಳ್ಳಮ್ಮನ ಹೆಸರು ಎತ್ತಿದರೆ, "ಸೋಮಯ್ಯನ ಹೆಂಡ್ತಿಯ ಬಾಯಿಯನ್ನೂ ಕಟ್ಟಿಸಿದ್ದಾಳೆ" ಎನ್ನುವ ಮಾತೂ ಸೇರಿಕೊಂಡಿತು.

ದಮಯಂತಿ ಬೊಳ್ಳಮ್ಮನಲ್ಲಿಗೆ ಹೋಗತೊಡಗಿದ್ದು ಆಮೇಲೆ. ಹೊಲದ ಬದಿಯಿಂದ, ಯಾರಿಗೂ ಕಾಣದ ಹಾಗೆ. ಹಾಗೆ ಅಡಗಿ ಹೋಗುವುದೂ ಒಂದು ನಾಚಿಕೆಯೇ. ಮೊದಲ ದಿನ ಸೇರು ಅಕ್ಕಿ ಹಿಡಿದು ಹೋಗಿ ಬಾಗಿಲಲ್ಲಿ ನಿಂತು ಅತ್ತಳು. ಬೊಳ್ಳಮ್ಮ ಅಕ್ಕಿ ತೆಗೆದುಕೊಂಡು, "ಕಣ್ಣೀರಿಗೆ ಮೇಣ ಹೆಪ್ಪುಗಟ್ಟೂದಿಲ್ಲ, ಆಚೆ ಕೂತು ಅಳು" ಎಂದು ಒಲೆಯ ಮೇಲಿನ ಪಾತ್ರೆ ಕಲಕಿದಳು. ಹೊಟ್ಟೆಯಲ್ಲಿ ಸಿಟ್ಟು ಇರಲಿಲ್ಲವೆಂದಲ್ಲ. ಒಂದೊಂದು ದಿನ ಇದ್ದಕ್ಕಿದ್ದ ಹಾಗೆ, "ತಾಳಿ ಕಟ್ಟಿಸಿಕೊಂಡವಳು ಬಂದ್ಲು" ಎನ್ನುತ್ತಿದ್ದಳು. ಆಗ ದಮಯಂತಿ ತಲೆ ತಗ್ಗಿಸಿ ಬಟ್ಟೆಯ ತುಂಡುಗಳನ್ನು ಹರಿಯುತ್ತ ಕೂರುತ್ತಿದ್ದಳು.

ಹಾಗೆ ಕೂತು ಕೂತು ಅವಳಿಗೆ ಬೊಳ್ಳಮ್ಮನ ಬದುಕು ತುಂಡು ತುಂಡಾಗಿ ಸಿಕ್ಕಿತು. ಬಿಳಿ ದೊರೆಗಳ ಕಾಲದಲ್ಲಿ ಒಂದು ತೋಟದ ಬಂಗಲೆಯಲ್ಲಿ ನೆಲ ಮತ್ತು ಮರದ ಸಾಮಾನಿಗೆ ಮೇಣ ಹಾಕುವುದು ಅವಳ ಕೆಲಸ, ಗಂಡ ಗುಂಡ ಅಲ್ಲೇ ಕಾರು ತೊಳೆಯುವವ. ದೊರೆಸಾನಿ ಕಾರು ಬಿಡಲು ಕಲಿಯುವಾಗ ತೋಟದ ಬೇಲಿ, ಕೂಲಿಯವರ ಲೈನು ಮನೆಯ ಗೋಡೆ, ಒಮ್ಮೆ ಒಂದು ಕೋಣ, ಎಲ್ಲಕ್ಕೂ ತಾಗಿಸುತ್ತಿದ್ದಳಂತೆ. ದೊರೆಗೆ ಗೊತ್ತಾಗದ ಹಾಗೆ ಅದನ್ನು ತೆಗೆಯಬೇಕು. ಗಂಡ ಹೆಂಡತಿ ಸೇರಿ ಮೇಣ, ಎಣ್ಣೆ, ಪುಡಿ ಎಂದು ಒಂದೊಂದನ್ನೇ ಹಾಕಿ ನೋಡಿ ಕಲಿತದ್ದು. "ಮೊದಲು ಬೂದಿ ಹಾಕಿ ತಿಕ್ಕಿದ್ದು ನಾನು. ಕಾರಿನ ಹೊಳಪೇ ಹೋಗಿ ಬಾಣಲೆಯ ತಳದ ಹಾಗೆ ಆಯ್ತು. ಅವರು ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ" ಎಂದು ಹೇಳಿ ನಕ್ಕಳು. ಗಂಡ ಜ್ವರದಲ್ಲಿ ಹೋದ. ದೊರೆ ತೋಟ ಮಾರಿ ಹಡಗು ಹತ್ತಿದ. ಬೊಳ್ಳಮ್ಮ ಗಂಡನ ಊರಿನ ಈ ಮನೆಗೆ ಬಂದಳು. ಒಂದು ದಿನ ಯಾರೋ ಡ್ರೈವರ್ ಮೆಳೆಯ ಹತ್ತಿರ ಕಾರು ನಿಲ್ಲಿಸಿ, ಕೆಂಪು ಗೀರನ್ನು ಅಂಗಿಯಲ್ಲಿ ತಿಕ್ಕುತ್ತ ಮಕ್ಕಳ ಹಾಗೆ ಅಳುತ್ತಿದ್ದ. ಶುರುವಾದದ್ದು ಹಾಗೆ. ಅವರು ಮಂಗಳೂರಿನಿಂದ ಬರುವಾಗ ಉಪ್ಪು, ಒಣಮೀನು ತಂದು ಹಿತ್ತಿಲಲ್ಲಿಟ್ಟು ಹೋಗುತ್ತಿದ್ದರು.

"ಎಲ್ಲ ಕುಡುಕರ ಮರ್ಯಾದೆ ಉಳಿಸಿದ್ದೀರಿ. ನಿಮ್ಮದು ಹೋಯ್ತಲ್ಲ" ಎಂದಳು ಒಮ್ಮೆ ದಮಯಂತಿ.

"ಮರ್ಯಾದೆ ಯಾರಿಗೆ ಉಳಿಸಿದ್ದು? ಅವರ ಮನೇಲಿ ಒಲೆ ಉರೀಲಿ ಅಂತ ಒರೆಸಿದ್ದು." ಬೊಳ್ಳಮ್ಮ ಕೆಮ್ಮಿದಳು. ಆ ವರ್ಷ ಅವಳಿಗೆ ಕೆಮ್ಮು ಹಿಡಿದದ್ದು ಬಿಟ್ಟಿರಲಿಲ್ಲ. "ಆದ್ರೂ ಆ ದಿನ ಚಾಪೆ ಹಾಸಿದ್ದೆ ನೋಡು. ಅದನ್ನು ಮಡಚುವಾಗ ಮಾತ್ರ ಯಾರಾದ್ರೂ ಒಬ್ಬ ಡ್ರೈವರ್ ಬಾಯಿ ಬಿಡ್ತಾನೋ ಅಂತ ಅನ್ನಿಸ್ತು. ಮಂಗಳೂರಿಗೆ ಹೋಗುವ ದಾರೀಲಿ ಎಲ್ಲರೂ ಹಾರ್ನ್ ಹೊಡೆದುಕೊಂಡು ಹೋದ್ರು."

ಮುಂದಿನ ವರ್ಷ ನಾಣಯ್ಯನ ಎರಡನೆಯ ಮಗಳ ಮದುವೆ. ಕೊಡಗು ಮೈಸೂರಿಗೆ ಸೇರುತ್ತದಂತೆ, ಆಚೆಯ ಸೀಮೆಯೂ ಸೇರುತ್ತದಂತೆ, ಗೇಟು ಕಿತ್ತುಹಾಕುತ್ತಾರಂತೆ ಎಂಬ ಸುದ್ದಿ ಆಗಲೇ ಇತ್ತು. "ಗೇಟು ಹೋದ್ರೆ ನನ್ನ ಒಣಮೀನೂ ಹೋಯ್ತು" ಎನ್ನುತ್ತಿದ್ದಳು ಬೊಳ್ಳಮ್ಮ ಚಾಪೆಯ ಮೇಲಿಂದ. ಎದ್ದು ಕೂರುವ ಶಕ್ತಿ ಆಗಲೇ ಕಡಿಮೆಯಾಗಿತ್ತು. ಬರುವ ಕಾರುಗಳನ್ನು ದಮಯಂತಿಯೇ ಹಿತ್ತಿಲಲ್ಲಿ ಒರೆಸಿ ಕಳಿಸುತ್ತಿದ್ದಳು, ಬೊಳ್ಳಮ್ಮ ಕಿಟಕಿಯಿಂದ "ತಿಕ್ಕಬೇಡ, ಒತ್ತಿ ಹಿಡಿದು ಕಾಯು" ಎಂದು ಗದರುತ್ತಿದ್ದಳು.

ಹೇಳಿಕೆ ಹೊರಟ ದಿನವೇ ಸೋಮಯ್ಯನ ಕಾರು ಮತ್ತೆ ಕೆಂಪು ಬಳಿದುಕೊಂಡು ಬಂತು. ಹಿತ್ತಿಲಿಗೆ ತಿರುಗಿಸಲು ಹೊರಟವನ ಎದುರಿಗೆ ದಮಯಂತಿ ಹೋಗಿ ನಿಂತಳು.

"ಮುಂದಿನ ಅಂಗಳಕ್ಕೆ ತನ್ನಿ."

"ಹುಚ್ಚು ಹಿಡಿದಿದ್ಯಾ? ಅವರೆಲ್ಲ ರಸ್ತೇಲಿ ಬರ್ತಾ ಇದ್ದಾರೆ."

"ಅದಕ್ಕೇ."

"ದಮಯಂತಿ, ನನ್ನ ಕೆಲಸ—"

"ನೀವು ಹಿಂದೆ ನಿಲ್ಸಿದ್ರೆ ಬಕೆಟ್ಟು ಬಟ್ಟೆ ತಗೊಂಡು ನಾನು ರಸ್ತೆಗೇ ಬಂದು ಕೂಗ್ತೇನೆ. ಯಾವುದು ಆಗ್ಬಹುದು ನೋಡಿ."

ಒಳಗಿನಿಂದ ಬೊಳ್ಳಮ್ಮನ ದನಿ ಬಂತು. "ಬೇಡ ಗೂಡೆ. ಮಾತು ಕೇಳು. ನಿನ್ನ ಒಲೆ ಆರ್ತದೆ."

ದಮಯಂತಿ ಕೇಳಲಿಲ್ಲ. ಸೋಮಯ್ಯ ಕಾರನ್ನು ಮುಂದಿನ ಅಂಗಳದಲ್ಲಿ ನಿಲ್ಲಿಸಿ, ಇಳಿದು, ಕಾರಿನ ಆಚೆ ಮಗ್ಗುಲಿಗೆ ಹೋಗಿ ಮುಖ ಮುಚ್ಚಿಕೊಂಡು ಕೂತ. ಅವಳು ಕೆಂಪು ಗೀರು ರಸ್ತೆಗೆ ಕಾಣುವ ಹಾಗೆ ಪಕ್ಕಕ್ಕೆ ಸರಿದು, ಸೀಮೆಎಣ್ಣೆಯ ಬಟ್ಟೆ ಒತ್ತಿದಳು. ಮೆಳೆಯ ಆಚೆ ಮಾತು ಕೇಳಿತು, ಆಮೇಲೆ ಮಾತು ನಿಂತಿತು. ನಾಣಯ್ಯ, ತಂಗಮ್ಮ, ಹಿಂದಿನಿಂದ ಒಂದಿಬ್ಬರು ನೆಂಟರು. ಎಲ್ಲರೂ ನಿಂತು ನೋಡಿದರು.

ದಮಯಂತಿ ಎದ್ದು ಅಂಗಳದ ತುದಿಗೆ ಬಂದು ಎರಡೂ ಕೈ ಚಾಚಿ ತೋರಿಸಿದಳು. ಉಗುರ ಸಂದಿಯಲ್ಲೆಲ್ಲ ಕೆಂಪು.

"ಅತ್ತೆ, ಆ ದಿನ ಎಂತ ಕೆಂಪು ಅಂತ ಕೇಳಿದ್ರಲ್ಲ. ಇದು. ಗೇಟಿನ ಬಣ್ಣ. ನನ್ನ ಗಂಡ ಕುಡಿದು ಕಂಬಕ್ಕೆ ತಾಗಿಸಿದ್ದು. ಬೊಳ್ಳಕ್ಕ ಒರೆಸ್ತಾ ಇದ್ದದ್ದು ಇದನ್ನೇ."

ತಂಗಮ್ಮ ಅವಳ ಕೈ ನೋಡಿದರು, ಕಾರು ನೋಡಿದರು, ಕಾರಿನ ಆಚೆಗೆ ಕಾಣುವ ಖಾಕಿ ಅಂಗಿ ನೋಡಿದರು. ತಂಗಮ್ಮ ಅಂಗಳಕ್ಕೆ ಕಾಲಿಟ್ಟು ಬಾಗಿಲವರೆಗೆ ಹೋಗಿ, ಒಳಗಿನ ಕತ್ತಲಿಗೆ ಮುಖ ಮಾಡಿ ಹೇಳಿದರು. "ಬೊಳ್ಳಕ್ಕ, ಮಗಳ ಮದುವೆ. ದೀಪ ಬೆಳಗ್ಲಿಕ್ಕೆ ನೀವು ಬರ್ಬೇಕು." ಹೇಳಿ ಮುಖ ಎತ್ತದೆ ಹೋದರು.

ಬೊಳ್ಳಮ್ಮ ಮದುವೆಗೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಸಂಜೆಗೆ ಮಾತು ಮಡಿಕೇರಿ ಮುಟ್ಟಿತು. ಸೋಮಯ್ಯ ಕೀಲಿ ಕೈಯನ್ನು ಸಾಹುಕಾರರ ಮೇಜಿನ ಮೇಲೆ ಇಟ್ಟು ಬಂದು, ಕುಶಾಲನಗರದಲ್ಲಿ ಭತ್ತದ ಮೂಟೆ ಸಾಗಿಸುವ ಲಾರಿಗೆ ಕ್ಲೀನರಾಗಿ ಸೇರಿದ. ಹೆಂಡತಿಯ ಜೊತೆ ಬಹಳ ದಿನ ಮಾತಾಡಲಿಲ್ಲ. ಅತ್ತೆ ಮಾತ್ರ ಎರಡು ಆಳಿನ ಮಾತು ಆಡಿದರು, ಬಾಯಿ ಇರುವ ಸೊಸೆ ಎಂಬುದನ್ನೇ ಈಗ ಬೇರೆ ರಾಗದಲ್ಲಿ. ದಮಯಂತಿ ನಾಣಯ್ಯನ ಮನೆಗೇ ಕೂಲಿಗೆ ಹೋದಳು. ಕೂಲಿ ಕೊಡುವಾಗ ತಂಗಮ್ಮ ಅವಳ ಕಣ್ಣು ನೋಡುತ್ತಿರಲಿಲ್ಲ, ಅವಳು ತಂಗಮ್ಮನದ್ದನ್ನು ನೋಡುತ್ತಿರಲಿಲ್ಲ.

ಮದುವೆಯ ಚಪ್ಪರ ಬಿಚ್ಚುವ ಹೊತ್ತಿಗೆ ಬೊಳ್ಳಮ್ಮನಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ದಮಯಂತಿ ಬಿಸಿನೀರಿನಲ್ಲಿ ಅವಳ ಮೈ ಒರೆಸಿ ಸೀರೆ ಬದಲಿಸಿದಳು. ಕಿಟಕಿಯಿಂದ ಬಿಸಿಲು ಬಂದು ಚಾಪೆಯ ಮೇಲೆ ಬಿದ್ದಿತ್ತು. ಕಾರು ಮುಟ್ಟದೆ ತಿಂಗಳುಗಳಾಗಿದ್ದ ಆ ಕೈಗಳು ಬಿಳಿಚಿಕೊಂಡು, ತೊಳೆದ ಬಾಳೆದಿಂಡಿನ ಹಾಗೆ ಇದ್ದವು.

"ಬೆಳಕಲ್ಲಿ ಹಿಡಿ" ಎಂದಳು ಬೊಳ್ಳಮ್ಮ.

"ಎಂತದನ್ನು?"

ಬೊಳ್ಳಮ್ಮ ತನ್ನ ಬಲಗೈಯನ್ನು ಮೆಲ್ಲಗೆ ಅವಳ ಮಡಿಲಿಗೆ ಸರಿಸಿದಳು.

"ನನ್ನ ಕಣ್ಣಿಗೆ ಕಾಣೂದಿಲ್ಲೆ. ಉಗುರ ಸಂದಿಲಿ ಕೆಂಪು ಉಳಿದುಟ್ಟಾ ನೋಡು ಗೂಡೆ. ಇದ್ರೆ ತೆಗೆ. ನನ್ನ ಹೊತ್ತುಕೊಂಡು ಹೋಗ್ಲಿಕ್ಕೆ ಬರುವವರು ಕಾಣೂದು ಬೇಡ."